ಸಿಸ್ಟರ್ ಕೊಂಡ ರಂದಾ ಮಷೀನು

ಮೊನ್ನೆ ಮಧ್ಯಾಹ್ನ ಸಿಸ್ಟರ್ ತೀರಿಕೊಂಡರು. ಊಟ ಮಾಡಿ, ತಾಟು ತೊಳೆದು ಬೋರಲು ಹಾಕಿ, ಹಿತ್ತಲಿನ ಶೆಡ್ಡಿನ ಮುಂದೆ ಕುರ್ಚಿ ಎಳೆದುಕೊಂಡು ಕೂತವರು ಹಾಗೆಯೇ ಹೋಗಿಬಿಟ್ಟಿದ್ದರು. ಹಾಲು ಕೊಡುವ ಹೆಂಗಸು ಕೂಗಿದ್ದು ಕೇಳಿ ಎದುರು ಮನೆಯಿಂದ ನಾನು ಓಡಿದೆ. ಓಡಿಹೋಗಿ ಅವರ ಮುಂಗೈ ಹಿಡಿದೆ. ಗಡಹಿಂಗ್ಲಜದ ನಮ್ಮ ಓಣಿಯಲ್ಲಿ ಯಾರ ಜೊತೆ ಮಾತಿಗೆ ನಿಂತರೂ ಸಿಸ್ಟರ್ ಎದುರಿನವರ ಮುಂಗೈ ಹಿಡಿದೇ ಮಾತಾಡುತ್ತಿದ್ದರು. ನಾಡಿ ನೋಡುವ ರೂಢಿ ಅದು, ನೌಕರಿ ಮುಗಿದ ಮೇಲೂ ಬಿಟ್ಟಿರಲಿಲ್ಲ. ಅಂಥವರ ನಾಡಿ ನಾನು ಹುಡುಕುತ್ತಿದ್ದೆ. ಸಿಗಲಿಲ್ಲ. ಬೆರಳು ಸರಿಯಾದ ಜಾಗದಲ್ಲಿ ಇಟ್ಟಿಲ್ಲವೇನೋ ಎಂದು ಮತ್ತೆ ಮತ್ತೆ ಜಾಗ ಬದಲಿಸಿದೆ. ಕೊನೆಗೆ ನನ್ನ ಹೆಂಡತಿ ಬಂದು ನನ್ನ ಕೈ ಬಿಡಿಸಬೇಕಾಯಿತು.

ಅವರ ಹೆಸರು ಬರೆಯುವುದಿಲ್ಲ. ಓಣಿಯಲ್ಲಿ ಆ ಹೆಸರು ಕರೆಯುತ್ತಿದ್ದವರೂ ಯಾರೂ ಇರಲಿಲ್ಲ. ಚಿಕ್ಕವರಿಗೂ ದೊಡ್ಡವರಿಗೂ ಅವರು ಸಿಸ್ಟರ್. ಮಹಾಗಾಂವದ ಲಿಂಗಾಯತರ ಮನೆಯ ಮಗಳು. ಮದುವೆ ಮಾಡಿಕೊಳ್ಳಲಿಲ್ಲ. ಆಯುಷ್ಯವೆಲ್ಲ ಆಪರೇಶನ್ ಥಿಯೇಟರಿನಲ್ಲಿ ನರ್ಸಾಗಿ ದುಡಿದರು. ಮೊದಲು ಇಚಲಕರಂಜಿಯ ಒಂದು ಖಾಸಗಿ ದವಾಖಾನೆ, ಆಮೇಲೆ ನಮ್ಮೂರಿನದು. ಬೆಳಿಗ್ಗೆ ಹಣೆಗೆ ವಿಭೂತಿ ಬಳಿದುಕೊಂಡು, ಬಿಳಿ ಕ್ಯಾನ್ವಾಸ್ ಬೂಟು ಹಾಕಿಕೊಂಡು ಹೊರಟರೆ ಓಣಿಯ ನಾಯಿಗಳೂ ಎದ್ದು ದಾರಿ ಬಿಡುತ್ತಿದ್ದವು. ಬೈಗುಳ ಗೊತ್ತಿರಲಿಲ್ಲ, ಆದರೆ ಒಂದು ನೋಟ ಇತ್ತು. ಯಾರಾದರೂ ಸುಳ್ಳು ಹೇಳುತ್ತಿದ್ದಾರೆ ಅನಿಸಿದರೆ ಮುಂಗೈ ಇನ್ನಷ್ಟು ಬಿಗಿ ಹಿಡಿದು, "ನಾಡಿ ಓಡಾಕತ್ತೈತಿ ನೋಡು. ಇನ್ನೊಮ್ಮೆ ಹೇಳು" ಅನ್ನುತ್ತಿದ್ದರು. ಅವರು ಆಗಾಗ ಹೇಳುತ್ತಿದ್ದ ಇನ್ನೊಂದು ಮಾತು: "ಗಾಯಾ ಮುಚ್ಚಿದ್ರ ಮಾಯೂದಿಲ್ಲ. ತೊಳದ್ರ ಮಾಯತೈತಿ."

ನನ್ನದು ಮೋಟಾರು ರಿವೈಂಡಿಂಗಿನ ಸಣ್ಣ ಅಂಗಡಿ. ಸಿಸ್ಟರ್ ನಿವೃತ್ತರಾದ ವರ್ಷ ಒಂದು ಬೆಳಿಗ್ಗೆ ಅಂಗಡಿಗೆ ಬಂದು, ಕೂಡ್ರುವ ಮೊದಲೇ ಕೇಳಿದರು.

"ತಮ್ಮಾ, ನನಗೊಂದು ರಂದಾ ಮಷೀನ ಬೇಕಾಗೇತಿ."

ರಂದಾ ಅಂದರೆ ಬಡಿಗರು ಮರದ ಮೈ ಕೆತ್ತಿ ನುಣುಪು ಮಾಡುವ ಹತ್ಯಾರು. ಕೈಯಿಂದ ತಳ್ಳುವ ಅದನ್ನೇ ಕರೆಂಟಿನಿಂದ ತಿರುಗಿಸಿದರೆ ರಂದಾ ಮಷೀನು. ಮೇಲೆ ಎರಡು ಕಬ್ಬಿಣದ ಹಲಗೆ, ಅವುಗಳ ನಡುವೆ ಅಲಗು ಕಚ್ಚಿಕೊಂಡು ಗರಗರ ತಿರುಗುವ ಉರುಳು. ಮರವನ್ನು ಮೇಲಿಂದ ತಳ್ಳಿದರೆ ಮೈ ಸಪಾಟಾಗುತ್ತದೆ, ಕೆಳಗಿಂದ ತೂರಿಸಿದರೆ ಎಲ್ಲ ಕಡೆ ಒಂದೇ ದಪ್ಪ ಬರುತ್ತದೆ. ಬೆರಳು ತಳ್ಳಿದರೆ ಬೆರಳೂ ಹಾಗೆಯೇ. ನಾನು ಕೈಯಲ್ಲಿದ್ದ ತಾಮ್ರದ ತಂತಿ ಕೆಳಗಿಟ್ಟೆ.

"ಯಾರಿಗ್ರೀ ಸಿಸ್ಟರ?"

"ಯಾರಿಗಂದ್ರ? ನನಗ. ಇಷ್ಟ ವರ್ಷ ಸ್ಪಿರಿಟ್ ವಾಸನಿ ಕುಡದೇನಿ. ಇನ್ನ ಸಾಗವಾನಿ ವಾಸನಿ ಕುಡೀತೇನಿ. ಬಡಿಗತನ ಕಲೀಬೇಕಂತ ಮಾಡೇನಿ."

ಚೇಷ್ಟೆ ಇರಬೇಕೆಂದು ನಗಲು ಹೋದೆ. ಅವರು ಆ ನೋಟ ನೋಡಿದರು. ಸುದ್ದಿ ತಿಳಿದು ಮಹಾಗಾಂವದಿಂದ ಅವರ ತಮ್ಮ ಕಬ್ಬಿನ ಕೆಲಸ ಬಿಟ್ಟು ಓಡಿ ಬಂದ. "ಅಕ್ಕಾ, ನಿನಗ ತಲಿಗಿಲಿ ಕೆಟ್ಟೈತೇನ? ಈ ವಯಸ್ನ್ಯಾಗ ಕೈ ಕಡಕೊಂತೀ ಏನ?" ಎಂದು ಓಣಿಗೆಲ್ಲ ಕೇಳುವಂತೆ ಕೂಗಾಡಿದ. ಅವರು ಅವನ ಮುಂಗೈ ಹಿಡಿದು, "ನಿನ್ನ ಬಿಪಿ ಏರೇತಿ, ಕೂಡು, ಮಜ್ಜಿಗಿ ಕುಡಿ" ಎಂದರು. ಅವನು ಮಜ್ಜಿಗೆ ಕುಡಿದು ಮುಂದಿನ ಬಸ್ಸಿಗೆ ಊರಿಗೆ ಹೋದ.

ಮೊದಲು ನನ್ನನ್ನು ಕೊಲ್ಲಾಪುರಕ್ಕೆ ಕರೆದುಕೊಂಡು ಹೋದರು. ಮಷೀನಿನ ದೊಡ್ಡ ಅಂಗಡಿಯಲ್ಲಿ ಹೊಸ ಬಣ್ಣದ ರಂದಾಗಳು ಸಾಲಾಗಿ ನಿಂತಿದ್ದವು. ಅಂಗಡಿಯವನು ಮೋಟಾರಿನ ಶಕ್ತಿ, ಹಲಗೆಯ ಉದ್ದ, ಗ್ಯಾರಂಟಿ ಎಲ್ಲ ವರ್ಣಿಸಿದ. ಸಿಸ್ಟರ್ ಕೇಳಿದ್ದು ಒಂದೇ.

"ಕೆತ್ತಿದ್ದ ಹೊಟ್ಟು ಎಲ್ಲಿ ಹೋಗತೈತಿ? ಎಲ್ಲಾ ಹೊರಗ ಬೀಳತೈತೋ, ಒಳಗ ಉಳೀತೈತೋ?"

"ಒಂದಿಷ್ಟು ಒಳಗ ಉಳೀತೈತ್ರಿ ಬಾಈ. ಮೋಟಾರಿನ ಹಿಂದ, ತಳದಾಗ. ತಗದು ಸಾಫ್ ಮಾಡಬೇಕಾಗತೈತಿ."

"ತಗೀಲಿಲ್ಲಂದ್ರ?"

"ಗ್ರೀಸಿನ ಕೂಡ ಕಲತು ಕಲ್ಲಾಗಿ ಕೂಡತೈತಿ. ವರ್ಷಗಟ್ಟಲೆ ಅಲ್ಲೇ."

ಅವರು ಬಗ್ಗಿ ಮಷೀನಿನ ಹೊಟ್ಟೆಯೊಳಗೆ ಕೈ ಹಾಕಿ ನೋಡಿದರು. ಆಮೇಲೆ ಏನೂ ಕೊಳ್ಳದೆ ಹೊರಟುಬಿಟ್ಟರು. ಬಸ್ಸಿನಲ್ಲಿ ನನಗೆ ಸಿಟ್ಟು ಬಂದಿತ್ತು. ಅವರು ಕಿಟಕಿಯ ಕಡೆ ನೋಡುತ್ತಲೇ, "ಹಳೇದ ತಗೊಳ್ಳೂಣು" ಎಂದರು. "ಇಚಲಕರಂಜ್ಯಾಗ ಒಂದು ಫರ್ನಿಚರ್ ಅಂಗಡಿ ಐತಿ. ಹಿಂದಿನ ಶೆಡ್ಡಿನ್ಯಾಗ ತಾಡಪತ್ರಿ ಹೊಚ್ಚಿ ಒಂದು ಮಷೀನ ಇಟ್ಟಾರ. ಅಂಗಡಿ ಬದಲಿ ಮಾಡಾಕತ್ತಾರಂತ, ಈಗ ಮಾರತಾರ. ನೀ ಹೋಗಿ ಕೇಳು. ನನ್ನ ಹೆಸರ ಮಾತ್ರ ತಗೀಬ್ಯಾಡ."

"ನೀವೂ ಬರ್ರೆಲಾ?"

"ನಾ ಬಂದ್ರ ಕೊಡೂದಿಲ್ಲ."

ಯಾಕೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ನಾನೊಬ್ಬನೇ ಹೋದೆ. ಅಂಗಡಿಯ ಎದುರಿಗೆ ಮಗ್ಗದ ಶೆಡ್ಡುಗಳು, ಮಾತು ಕೇಳಿಸದಷ್ಟು ಖಟಾಖಟ್ ಸದ್ದು. ದುಡ್ಡಿನ ಗಲ್ಲೆಯ ಮೇಲೆ ಕೂತಿದ್ದ ಮಾಲೀಕನಿಗೆ ನನ್ನ ವಯಸ್ಸೇ ಇರಬಹುದು. ಮಷೀನಿನ ಮಾತು ತೆಗೆಯುತ್ತಲೇ ಅವನ ಮುಖ ಸಣ್ಣದಾಯಿತು. ಎಡಗೈ ಎತ್ತಿ ತೋರಿಸಿದ. ಉಂಗುರದ ಬೆರಳೂ ಕಿರುಬೆರಳೂ ಇರಲಿಲ್ಲ.

"ತಗೊಂಡ ಹೋಗ್ರಿ. ಆದ್ರ ಇದನ್ನ ನೋಡಿ ತಗೊಂಡ ಹೋಗ್ರಿ. ನನ್ನ ಲಗ್ನಾಗಿ ವರ್ಷಾ ತುಂಬಿದ್ದಿಲ್ಲ, ಆವಾಗ ಆದದ್ದು. ಆವತ್ತ ಬಂದ್ ಮಾಡಿದ್ದು, ಮತ್ತ ಯಾರೂ ಸ್ವಿಚ್ ಹಾಕಿಲ್ಲ."

ಒಳಗಿನ ಕೋಣೆಯಿಂದ ಅವನ ತಾಯಿ, ಕೋಲು ಹಿಡಿದ ಮುದುಕಿ, ಮರಾಠಿಯಲ್ಲಿ ಕೂಗಿದಳು: "ಘೇವೂನ ಜಾ, ಘೇವೂನ ಜಾ!" ತೆಗೆದುಕೊಂಡು ತೊಲಗು ಎಂಬ ಧಾಟಿ. ಮಷೀನಿಗೆ ಹೇಳಿದಳೋ ನನಗೋ ತಿಳಿಯಲಿಲ್ಲ.

ಊರಿಗೆ ಬಂದೆ. "ಬ್ಯಾಡ್ರಿ ಸಿಸ್ಟರ, ಅದು ಬೆರಳ ತಿಂದ ಮಷೀನ" ಎಂದೆ.

"ಆಮ್ಯಾಲ ಯಾರೂ ಹಚ್ಚಿಲ್ಲೇನ?"

"ಯಾರೂ ಮುಟ್ಟೇ ಇಲ್ಲಂತ."

ಅವರು ಕಣ್ಣು ಮುಚ್ಚಿಕೊಂಡರು. "ಛಲೋ ಆತು" ಎಂದರು. ಒಬ್ಬನ ಬೆರಳು ಹೋದ ಸುದ್ದಿಗೆ ಛಲೋ ಆಯಿತೆನ್ನುವ ಹೆಂಗಸನ್ನು ನಾನು ಅದುವರೆಗೆ ನೋಡಿರಲಿಲ್ಲ.

ಮಷೀನು ಟೆಂಪೋದಲ್ಲಿ ಬಂತು. ಓಣಿಯೆಲ್ಲ ಸೇರಿತು. ಹಮಾಲರು ಹಗ್ಗ ಕಟ್ಟಿ, ಕೆಳಗೆ ಪೈಪು ಉರುಳಿಸಿ, ಹಿತ್ತಲಿನ ಶೆಡ್ಡಿನ ಕಾಂಕ್ರೀಟು ಕಟ್ಟೆಯ ಹತ್ತಿರ ತಂದು ನಿಲ್ಲಿಸಿದರು. ಹಳೆಯ ಮೋಟಾರು ಮನೆಯ ಕರೆಂಟಿಗೆ ಹೊಂದುತ್ತಿರಲಿಲ್ಲ. ಅದನ್ನು ಕಳಚಿ ಸಿಂಗಲ್ ಫೇಜಿನದು ಹಾಕುವುದು ನನ್ನ ಕೆಲಸ. ಮರುದಿನ ಬೆಳಿಗ್ಗೆ ಪಾನಾ, ಸ್ಕ್ರೂಡ್ರೈವರು ಹಿಡಿದು ಹೋದೆ. ಹಿತ್ತಲಲ್ಲಿ ಬಿಳಿ ಚಾದರ ಹಾಸಿತ್ತು. ಅದರ ಮೇಲೆ ಹಿಟ್ಟಿನ ಜರಡಿ. ತಲೆಗೆ ಥಿಯೇಟರಿನ ಹಸಿರು ಟೊಪ್ಪಿಗೆ ಹಾಕಿಕೊಂಡು, ಸೀರೆಯನ್ನು ಕಚ್ಚೆಯಂತೆ ಸಿಕ್ಕಿಸಿಕೊಂಡು ಸಿಸ್ಟರ್ ಕೂತಿದ್ದರು.

"ಒಳಗಿನ ಹೊಟ್ಟು ಒಂದು ಚಿಟಿಗೀನೂ ಚೆಲ್ಲಬ್ಯಾಡ. ಎಲ್ಲಾ ಇದರ ಮ್ಯಾಲ ಹಾಕು."

ಮರದ ಹೊಟ್ಟನ್ನು ಜೋಳದ ಹಿಟ್ಟಿನಂತೆ ಜರಡಿ ಹಿಡಿಯುವವರನ್ನು ಕಂಡು ನನಗೆ ಒಳಗೊಳಗೇ ಹೆದರಿಕೆಯಾಯಿತು. ಅವರ ತಮ್ಮ ಹೇಳಿದ್ದೇ ಸರಿ ಇರಬೇಕು ಅನಿಸಿತು. ಆದರೂ ಮೋಟಾರು ಇಳಿಸಿದೆ, ಹಿಂದಿನ ತಗಡು ಬಿಚ್ಚಿದೆ, ತಳದಲ್ಲಿ ಕೂತಿದ್ದನ್ನು ಉಳಿಯಿಂದ ಕೆತ್ತಿ ಕೆತ್ತಿ ಕೊಟ್ಟೆ. ಗ್ರೀಸಿನಲ್ಲಿ ಕಲೆತು ಗಟ್ಟಿಯಾದ ಹೊಟ್ಟು ಬೆಲ್ಲದ ಹೆಂಟೆಗಳ ಹಾಗೆ ಹೊರಬಂತು. ಅವರು ಒಂದೊಂದನ್ನೂ ಬೆರಳಿನಿಂದ ಒಡೆದು, ಉದುರಿಸಿ, ಜರಡಿಗೆ ಹಾಕಿದರು. ಬಿಸಿಲು ನೆತ್ತಿಗೆ ಬಂತು. ಚಹಾ ಕೂಡ ಕೇಳಲಿಲ್ಲ.

ಒಂದು ಹೆಂಟೆ ಒಡೆದವರ ಕೈ ಹಾಗೆಯೇ ನಿಂತಿತು.

"ಐತಿ" ಎಂದರು. ಮೆಲ್ಲಗೆ. ಆಮೇಲೆ ಇನ್ನೊಮ್ಮೆ, "ಐತಿ ತಮ್ಮಾ, ಐತಿ."

ಅಂಗೈಯಲ್ಲಿ ಕಪ್ಪು ಮೆತ್ತಿಕೊಂಡ ಒಂದು ಉಂಗುರ. ಒಂದು ಬದಿ ಅಲಗಿನ ಏಟಿಗೆ ಹರಿದು ಬಾಯಿ ತೆರೆದಿತ್ತು. ಕಬ್ಬಿಣದ ಪಾನಾ ನನ್ನ ಕೈಯಿಂದ ಜಾರಿ ಕಾಲ ಮೇಲೆ ಬಿತ್ತು, ನೋವು ತಿಳಿಯಲಿಲ್ಲ. ಆ ಉಂಗುರ ಇದ್ದ ಬೆರಳು ಎಲ್ಲಿ ಹೋಗಿರಬೇಕು ಎಂಬ ಯೋಚನೆ ಬಂದು, ಹಿಂದೆ ಸರಿದು ಗೋಡೆ ಹಿಡಿದುಕೊಂಡೆ. ನಾನು ಅದಕ್ಕಿಂತ ಹೆಚ್ಚು ಹೆದರಿದ್ದು ಸಿಸ್ಟರ್ ಅವರನ್ನು ನೋಡಿ. ಎಂಥ ಗಾಯಕ್ಕೂ ಅಳುಕದ ಆ ಕೈಗಳು ಗಾಳಿಗೆ ಸಿಕ್ಕ ಎಲೆಯಂತೆ ಅಲ್ಲಾಡುತ್ತಿದ್ದವು.

ಉಂಗುರವನ್ನು ಸ್ಪಿರಿಟಿನಲ್ಲಿ ತೊಳೆದು, ಹತ್ತಿಯ ಮೇಲಿಟ್ಟು, ಆಮೇಲೆ ಹೇಳಿದರು.

ಇಚಲಕರಂಜಿಯ ದವಾಖಾನೆಯಲ್ಲಿ ಅವರ ಜೊತೆ ಒಬ್ಬ ಮಾವಶಿ ಇದ್ದಳು. ವಾರ್ಡು ಒರೆಸುವ, ರೋಗಿಗಳ ಮಲಮೂತ್ರ ಎತ್ತುವ ಹೆಂಗಸರನ್ನು ನಮ್ಮ ಕಡೆಯ ದವಾಖಾನೆಗಳಲ್ಲಿ ಹಾಗೆ ಕರೆಯುತ್ತಾರೆ. ಈಕೆ ನೇಸರಿಯ ಕುರುಬರವಳು, ಗಂಡ ಸತ್ತ ಮೇಲೆ ಮಗಳನ್ನು ಕಟ್ಟಿಕೊಂಡು ದುಡಿಯಲು ಬಂದವಳು. ರಂದಾಕ್ಕೆ ಕೈ ಕೊಟ್ಟ ಆ ಹುಡುಗನನ್ನು ಟಾವೆಲ್ ಸುತ್ತಿ ತಂದ ದಿನ ಇಬ್ಬರೂ ಪಾಳಿಯಲ್ಲಿದ್ದರು. ಟಾವೆಲ್ ಬಿಚ್ಚಿದವರು ಸಿಸ್ಟರ್. ರಕ್ತದ ಟಾವೆಲನ್ನು ತೊಳೆಯಲು ಒಯ್ದವಳು ಮಾವಶಿ. ಸಂಜೆ ಹುಡುಗನ ತಾಯಿಗೆ ಲಗ್ನದ ಉಂಗುರದ ನೆನಪಾಯಿತು. ಟಾವೆಲಿನಲ್ಲಿತ್ತು, ಈಕೆಯೇ ತೆಗೆದಳು ಎಂದು ಮಾವಶಿಯ ಸೆರಗು ಹಿಡಿದು, ವಾರ್ಡಿನ ನಡುವೆ ನಿಲ್ಲಿಸಿ, ಇಡೀ ದವಾಖಾನೆ ಸೇರುವಂತೆ ಕೂಗಿದಳು. ಸೀರೆ ಝಾಡಿಸಿ ನೋಡಿದರು. ಬಾಯಿ ತೆರೆಸಿ ನೋಡಿದರು.

"ನಾ ಹೇಳಿದ್ನಿ. ಟಾವೆಲ್ ಬಿಚ್ಚಿದಾಕಿ ನಾನು, ಉಂಗುರ ಬಂದೇ ಇಲ್ಲ ಅಂತ. ಮಷೀನಿನ್ಯಾಗ ನೋಡ್ರಿ ಅಂತನೂ ಹೇಳಿದ್ನಿ. ಡಾಕ್ಟರ್ ಅಂದ್ರು, ಪೇಶಂಟ್ ಮಂದಿ ಕೂಡ ವಾದ ಬ್ಯಾಡ ಸಿಸ್ಟರ್. ಮಾವಶೀನ ಆವತ್ತ ತಗದಹಾಕಿದ್ರು. ಆಕಿ ಹೋದ ತಿಂಗಳ ನಾನೂ ಆ ನೌಕರಿ ಬಿಟ್ಟೆ."

"ಅವರ ಅಂಗಡಿಗಿ ಹೋಗಿ ಕೇಳಲಿಲ್ಲೇನ್ರಿ?"

"ಕೇಳಲಿಲ್ಲಂದ್ರ? ಪ್ರತಿ ದೀಪಾವಳಿಗೂ ಹೋಗೇನಿ. ಆ ಮಷೀನಿನ ಹೊಟ್ಟಿ ಒಮ್ಮೆ ಬಿಚ್ಚಿ ನೋಡ್ರಿ ಅಂತ. ಮುದುಕಿ ಒಳಗ ಬಿಡಲಿಲ್ಲ. ಕಳ್ಳಿಗಿ ಸಾಕ್ಷಿ ಹೇಳಾಕ ಬಂದಾಳ ಅಂದ್ಲು. ಮಾವಶಿ ಮಗಳ ಕೂಡಿದ ಸಂಬಂಧ ಮುರೀತು. ಕಳ್ಳಿ ಮಗಳ ಬ್ಯಾಡಂದ್ರು. ಈಗ ಇಬ್ಬರೂ ನೇಸರ್ಯಾಗ ಅಣ್ಣನ ಕುರಿ ಕಾಯತಾರ, ಡೇರಿಗಿ ಹಾಲ ಹಾಕತಾರ."

ಎದುರು ಮನೆಯಲ್ಲಿ ಇಷ್ಟು ವರ್ಷ ಇದ್ದು ಇದರ ಒಂದಕ್ಷರ ನನಗೆ ಗೊತ್ತಿರಲಿಲ್ಲ. ಕೊನೆಗೆ ಕೇಳಿದೆ: "ಹಂಗಾರ ಈ ಕಾಂಕ್ರೀಟ್ ಕಟ್ಟಿ, ವೈರಿಂಗು, ಹೊಸಾ ಮೋಟಾರು ಎಲ್ಲಾ ಯಾಕ ಮಾಡಿಸಿದ್ರಿ?"

"ಉಂಗುರ ಸಿಗಲಿಲ್ಲಂದ್ರ? ಮುದುಕಿ ಹುಚ್ಚ್ಯಾಗ್ಯಾಳ ಅನ್ನಿಸ್ಕೊಳ್ಳೂಕಿಂತ ಬಡಿಗತನ ಕಲತಾಳ ಅನ್ನಿಸ್ಕೊಳ್ಳೂದು ಛಲೋ ಅಲ್ಲೇನ?" ಎಂದರು. ನಗುತ್ತಿದ್ದರೋ ಅಳುತ್ತಿದ್ದರೋ ಹೇಳಲಾರೆ.

ಈಗಲೇ ಇಚಲಕರಂಜಿಗೆ ಹೋಗೋಣ ಎಂದು ನಾನು ಎದ್ದೆ. ಅವರು ಕೂಡಿಸಿದರು. "ಕೈ ನಡಗಾಕತ್ತಾವ. ಕೈ ನಡಗೂ ಹೊತ್ತಿನ್ಯಾಗ ಯಾರ ಮುಂದೂ ನಿಂದರಬಾರದು. ಮೊದಲ ಮಷೀನ ಕೂಡಸೂಣು."

ಹಾಗಾಗಿ ಮಷೀನು ಕೂಡಿಸಿದೆವು. ತಳಕ್ಕೆ ಬೋಲ್ಟು ಬಿಗಿದೆವು, ಮೋಟಾರಿನಿಂದ ಉರುಳಿಗೆ ಹೊಸ ಪಟ್ಟಾ ಹಾಕಿದೆವು. ಅಲಗುಗಳನ್ನು ಸಾಣೆಗೆ ಕೊಟ್ಟು ತಂದೆವು. ಕಷ್ಟದ ಕೆಲಸವೆಂದರೆ ಅಲಗು ಕೂಡಿಸುವುದು. ಉರುಳಿನ ಅಲಗುಗಳ ಅಂಚು ಹಿಂದಿನ ಹಲಗೆಗೆ ಸಮ ಬರಬೇಕು. ಕೂದಲೆಳೆಯಷ್ಟು ಮೇಲಾದರೂ ಮರದ ತುದಿ ಕಚ್ಚುತ್ತದೆ, ಕೆಳಗಾದರೂ ಮರ ಸೊಟ್ಟ ಬರುತ್ತದೆ. ಹಲಗೆಯ ಮೇಲೆ ನೆಟ್ಟಗಿನ ಒಂದು ಮರದ ಪಟ್ಟಿ ಇಟ್ಟು, ಉರುಳನ್ನು ಕೈಯಿಂದ ತಿರುಗಿಸಿದರೆ ಅಲಗು ಪಟ್ಟಿಗೆ ಸೋಕಿಯೂ ಸೋಕದಂತೆ ದಾಟಬೇಕು. ನಾನು ಅವಸರ ಮಾಡಿದೆ. ಅವರು ಮಾಡಲಿಲ್ಲ. ಬೋಲ್ಟು ಸಡಿಲಿಸಿ, ತಟ್ಟಿ, ಬಿಗಿದು, ಕಿವಿಗೊಟ್ಟು ಕೇಳಿ, ಮತ್ತೆ ಸಡಿಲಿಸಿ. ಹಾಗೆ ಮಾಡುತ್ತ ಮಾಡುತ್ತ ಅವರ ಕೈಯ ನಡುಕ ನಿಂತಿತು. ನಾನು ರಬ್ಬರಿನ ಕೈಗವಸು ಹಾಕಿಕೊಳ್ಳಲು ಹೋದರೆ ಕಸಿದು ಒಗೆದರು: "ಗ್ಲೌಸ್ ಹಾಕ್ಕೊಂಡು ಬಂದ ಕೈ ಭಾಳ ನೋಡೇನಿ. ಗ್ಲೌಸ್ ಎಳಕೊಳ್ಳತೈತಿ, ಕೈ ಹಿಂದ ಹೋಗತೈತಿ."

ಮೊದಲ ಸಲ ಸ್ವಿಚ್ ಹಾಕಿದಾಗ ನಾನು ಬಾಗಿಲಾಚೆ ನಿಂತಿದ್ದೆ, ನಾಚಿಕೆಯಿಲ್ಲದೆ ಹೇಳುತ್ತೇನೆ. ಅವರು ಒಂದು ತೇಗದ ತುಂಡನ್ನು ಎರಡು ಕಟ್ಟಿಗೆಯ ಹಿಡಿಕೆಗಳಿಂದ ಒತ್ತಿಹಿಡಿದು, ಬೆರಳು ಅಲಗಿನ ಮೇಲೆ ಎಂದೂ ಹಾಯದಂತೆ, ಮೆಲ್ಲಗೆ ತಳ್ಳಿದರು. ಗುಂಯ್ ಎಂದು ಸದ್ದು ಬಂತು. ಹೊರಬಂದ ಮೈ ನೀರು ಸವರಿದಂತೆ ಹೊಳೆಯುತ್ತಿತ್ತು. ಶೆಡ್ಡು ತುಂಬ ತೇಗದ ವಾಸನೆ. ಅವರು ಮೂಗು ಅರಳಿಸಿ ಕಣ್ಣು ಮುಚ್ಚಿದರು. ಆಮೇಲಿನ ವರ್ಷಗಳಲ್ಲಿ ಅದೇ ಮಷೀನಿನ ಮೇಲೆ ಹಾಸಿಗೆ ಹಿಡಿದವರಿಗೆ ಬೆನ್ನಿಗೆ ಆನಿಸುವ ಹಲಗೆ, ಕಾಲು ಮುರಿದವರಿಗೆ ಎತ್ತರದ ಮಣೆ, ಕೈಕೋಲು ಎಲ್ಲ ಮಾಡಿದರು. ಗಡಹಿಂಗ್ಲಜದಲ್ಲಿ ಈಗಲೂ ಎಷ್ಟೋ ಮನೆಗಳಲ್ಲಿ ಅವು ಇವೆ.

ಕೈ ನಿಂತ ಮೇಲೆ ಇಚಲಕರಂಜಿಗೆ ಹೋದೆವು. ಅಂಗಡಿಯ ಮಾಲೀಕ ನನ್ನನ್ನು ಕಂಡು ಮಷೀನು ವಾಪಸು ತಂದೆನೆಂದು ತಿಳಿದ. ನನ್ನ ಹಿಂದೆ ಸಿಸ್ಟರ್ ಬಂದದ್ದು ನೋಡಿ ಎದ್ದು ನಿಂತ. ಸಿಸ್ಟರ್ ಹತ್ತಿಯ ಸುರುಳಿ ಬಿಚ್ಚಿ ಗಲ್ಲೆಯ ಮೇಲಿಟ್ಟರು.

ಅವನು ಉಂಗುರವನ್ನು ಎತ್ತಿಕೊಂಡ. ಒಳಮೈಯಲ್ಲಿ ಕೊರೆಸಿದ್ದ ಅಕ್ಷರದ ಮೇಲೆ ಹೆಬ್ಬೆರಳು ಆಡಿಸಿದ. ಅವನ ಬಲಗೈ ತನ್ನಷ್ಟಕ್ಕೆ ತಾನೇ ಆ ಉಂಗುರವನ್ನು ಎಡಗೈಗೆ ಒಯ್ದು, ಇಲ್ಲದ ಬೆರಳಿಗೆ ತೊಡಿಸಲು ಹೋಯಿತು. ಉಂಗುರ ನೆಲಕ್ಕೆ ಬಿತ್ತು. ಅವನು ಅದನ್ನೇ ನೋಡುತ್ತ ನಿಂತ.

"ಕುಠೇ ಮಿಳಾಲೀ?" ಎಂದ, ಎಲ್ಲಿ ಸಿಕ್ಕಿತು ಎಂದು.

"ಮಷೀನಿನ ಹೊಟ್ಟ್ಯಾಗ. ನಾ ಆವತ್ತ ಹೇಳಿದಲ್ಲೇ."

ಮುದುಕಿ ಕೋಲೂರುತ್ತ ಹೊರಗೆ ಬಂದಳು. ಉಂಗುರ ನೋಡಿದಳು. "ಇದು ನಮ್ಮದಲ್ಲ. ಈಕಿ ಹೊಸಾದು ಮಾಡಿಸ್ಕೊಂಡ ಬಂದಾಳ" ಎಂದಳು.

"ಆಈ," ಎಂದ ಮಗ. "ಹೀ ಮಾಝೀಚ ಅಂಗಠೀ ಆಹೆ." ಅಮ್ಮಾ, ಇದು ನನ್ನದೇ ಉಂಗುರ.

ಮುದುಕಿ ಅಲ್ಲೇ ಮಾರಾಟಕ್ಕಿಟ್ಟ ಹೊಸ ಸೋಫಾದ ಮೇಲೆ ಕುಸಿದಳು. ಎದುರಿನ ಮಗ್ಗಗಳ ಸದ್ದು ಎಷ್ಟಿತ್ತೆಂದರೆ, ಅವಳು ಏನಾದರೂ ಅಂದಿದ್ದರೂ ನಮಗೆ ಕೇಳುತ್ತಿರಲಿಲ್ಲ.

ಮಗನೇ ಕಾರು ತೆಗೆದ. ಅದೇ ದಿನ, ತಾಯಿಯನ್ನು ಮುಂದೆ ಕೂಡಿಸಿಕೊಂಡು, ನಾವಿಬ್ಬರೂ ಹಿಂದೆ, ನೇಸರಿಗೆ ಹೋದೆವು. ಊರ ಹೊರಗೆ ಕುರಿ ಹಟ್ಟಿಯ ಹತ್ತಿರ ಮಾವಶಿ ಸಿಕ್ಕಳು. ಸಿಸ್ಟರ್ ಅವರಿಗಿಂತ ಚಿಕ್ಕವಳು, ಆದರೆ ಕಾಣಲು ಹಿರಿಯಳು. ಸಿಸ್ಟರ್ ಅವರನ್ನು ಕಂಡು ಮುಖ ಅರಳಿತು. ಅವರ ಹಿಂದೆ ಕೋಲೂರಿ ಇಳಿದ ಮುದುಕಿಯನ್ನು ಕಂಡು ಎರಡೂ ಕೈಯಿಂದ ತನ್ನ ಸೆರಗನ್ನು ಎದೆಗೆ ಅವುಚಿಕೊಂಡಳು. ಇಷ್ಟು ವರ್ಷಗಳ ಮೇಲೂ ಆ ಕೈಗಳಿಗೆ ನೆನಪಿತ್ತು.

ಮಗ ನೆಲಕ್ಕೆ ಬಗ್ಗಿ ಕಾಲು ಮುಟ್ಟಿದ. ಉಂಗುರ ಮುಂದೆ ಹಿಡಿದು, "ಮಾವಶಿ, ಇದನ್ನ ನೀವ ಇಟ್ಟಕೊಳ್ರಿ. ತಪ್ಪಾತು" ಎಂದ.

ಅವಳು ಉಂಗುರವನ್ನು ಮುಟ್ಟಲಿಲ್ಲ. ಬಗ್ಗಿ ನೋಡಿದಳು. "ಇಷ್ಟ ಇತ್ತೇನ್ರಿ ಇದು? ಇಷ್ಟ ಸಣ್ಣದಿತ್ತೇನು?" ಎಂದು ಸಿಸ್ಟರ್ ಅವರನ್ನು ಕೇಳಿದಳು. ಅವಳು ಅದನ್ನು ಎಂದೂ ನೋಡಿಯೇ ಇರಲಿಲ್ಲ.

ಆಮೇಲೆ ಮುದುಕಿಯ ಕಡೆ ತಿರುಗಿದಳು. "ನನಗ ಇದು ಬ್ಯಾಡ. ಇಲ್ಲಿ, ಕುರಿ ಮುಂದ ತಪ್ಪಾತು ಅಂದ್ರ ಏನ ಬಂತು? ನೀವು ಎಲ್ಲಿ ಅಂದಿದ್ರೆಲಾ, ಅಲ್ಲಿ ಅನ್ರಿ."

ಮುದುಕಿ ಒಪ್ಪುವುದಿಲ್ಲ ಎಂದುಕೊಂಡೆ. ಅವಳು ಹೋಗಿ ಕಾರಿನಲ್ಲಿ ಕೂತಳು. ಮಾವಶಿ ತೊಳೆದ ಸೀರೆ ಉಟ್ಟು ಬಂದಳು. ಕಾರು ಮತ್ತೆ ಇಚಲಕರಂಜಿಯ ದಾರಿ ಹಿಡಿಯಿತು.

ದವಾಖಾನೆ ಗುರುತು ಸಿಗದಷ್ಟು ಬದಲಾಗಿತ್ತು. ಹಳೆಯ ಡಾಕ್ಟರು ತೀರಿಹೋಗಿದ್ದರು. ಗಾಜಿನ ಬಾಗಿಲು, ತಣ್ಣನೆಯ ಗಾಳಿ, ಸಾಲು ಕುರ್ಚಿಗಳಲ್ಲಿ ನಂಬರಿಗಾಗಿ ಕಾಯುತ್ತಿದ್ದ ಜನ. ಒಂದು ಮುಖವೂ ಗುರುತಿನದಲ್ಲ. ಮಾವಶಿ ಬಾಗಿಲಲ್ಲೇ ನಿಂತು, "ಸಿಸ್ಟರ, ಇದು ಅದ ಏನ್ರಿ?" ಎಂದು ಕೇಳಿದಳು. "ಅದ. ಹಳೇ ವಾರ್ಡು ಇಲ್ಲೇ ಇತ್ತು" ಎಂದರು ಸಿಸ್ಟರ್.

ಮುದುಕಿ ನಡುವೆ ಹೋಗಿ ನಿಂತಳು. ಕೋಲಿನಿಂದ ನೆಲ ಕುಟ್ಟಿದಳು. ಜನ ತಿರುಗಿ ನೋಡಿದರು.

"ಹೀ ಬಾಈ ಚೋರ ನಾಹೀ!" ಎಂದು ಕೂಗಿದಳು. "ಮೀ ಖೋಟಂ ಬೋಲಲೇ."

ಈ ಹೆಂಗಸು ಕಳ್ಳಿಯಲ್ಲ, ನಾನು ಸುಳ್ಳು ಹೇಳಿದೆ. ಕುರ್ಚಿಯಲ್ಲಿದ್ದವರು ಮುಖ ಮುಖ ನೋಡಿಕೊಂಡರು. ಯಾರೋ ಮುದುಕಿಗೆ ಬುದ್ಧಿ ಭ್ರಮಣೆ ಎಂದರು. ಎಳೆ ವಯಸ್ಸಿನ ನರ್ಸೊಬ್ಬಳು ಓಡಿಬಂದು, "ಆಜೀ, ಇಲ್ಲಿ ಕೂಗಬ್ಯಾಡ್ರಿ" ಎಂದು ತೋಳು ಹಿಡಿದಳು. ಮುದುಕಿ ಕೊಸರಿಕೊಂಡಳು. ಮಾವಶಿ ಕಂಬದ ಹತ್ತಿರ ತಲೆಯ ಮೇಲೆ ಸೆರಗು ಹೊದ್ದು, ಕಿವಿಯನ್ನಷ್ಟೇ ಈ ಕಡೆ ಇಟ್ಟುಕೊಂಡಂತೆ ನಿಂತಿದ್ದಳು.

"ಕನ್ನಡದಾಗೂ ಹೇಳ್ರಿ," ಎಂದಳು ಮೆಲ್ಲಗೆ. "ಆವತ್ತ ಎರಡೂ ಭಾಷಾದಾಗ ಬೈದಿದ್ರಿ."

ಮುದುಕಿ ಜನರ ಕಡೆ ತಿರುಗಿದಳು. "ಈಕಿ ಕಳ್ಳಿ ಅಲ್ಲ," ಎಂದಳು. ದನಿ ಏಳಲಿಲ್ಲ. ಕೆಮ್ಮಿ, ಕೋಲಿಗೆ ಭಾರ ಕೊಟ್ಟು, ಮತ್ತೆ ಗಟ್ಟಿಯಾಗಿ ಹೇಳಿದಳು. "ಈಕಿ ಕಳ್ಳಿ ಅಲ್ರೋ! ಉಂಗುರ ನಮ್ಮ ಮನ್ಯಾಗ ಇತ್ತು!"

ಯಾವ ಉಂಗುರ, ಯಾರ ಕಳವು, ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದರೂ ಜನರೆಲ್ಲ ಮಾವಶಿಯ ಕಡೆ ತಿರುಗಿ ನೋಡಿದರು.

ಆಗ ನನ್ನ ಪಕ್ಕದಲ್ಲಿ ಏನೋ ಬಿದ್ದ ಸದ್ದಾಯಿತು. ನೋಡುತ್ತೇನೆ, ಸಿಸ್ಟರ್. ಇಷ್ಟು ಹೊತ್ತು ಸೆಟೆದು ನಿಂತಿದ್ದವರು ಕಾಲು ಕುಸಿದು ನೆಲಕ್ಕೆ ಬಿದ್ದಿದ್ದರು. ಮುಖ ಬಿಳುಪಾಗಿತ್ತು, ಹಣೆಯ ವಿಭೂತಿ ಬೆವರಿನಲ್ಲಿ ಇಳಿಯುತ್ತಿತ್ತು. ಜನ ಮುತ್ತಿದರು.

"ದೂರ ಸರೀರಿ! ಗಾಳಿ ಬಿಡ್ರಿ! ಏ, ಸರಿ ಆಕಡೆ!"

ಮಾವಶಿ. ಕುರಿ ಹಟ್ಟಿಯಲ್ಲಿ, ಕಂಬದ ಮರೆಯಲ್ಲಿ ಅಷ್ಟು ಮೆಲ್ಲಗೆ ಮಾತಾಡಿದವಳ ದನಿಯಲ್ಲ ಅದು. ಜನ ಬೆದರಿ ಹಿಂದೆ ಸರಿದರು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆಲದ ಮೇಲೆ ಕೂತು, ಸಿಸ್ಟರ್ ಅವರ ಕಾಲುಗಳನ್ನು ತನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡಳು. ಕೊರಳ ಬಳಿ ಕುಪ್ಪಸ ಸಡಿಲಿಸಿದಳು. ಎಳೆಯ ನರ್ಸಿನ ಕಡೆ ತಿರುಗಿ, "ನಿಂತ ನೋಡತೀಯೇನ? ಬಿಪಿ ಮಷೀನ ತಾ, ಸಕ್ಕರಿ ನೀರ ತಾ" ಎಂದು ಗದರಿದಳು. ನರ್ಸು ಓಡಿದಳು.

ಓಡಿ ಹೋದವಳು ಬಿಪಿ ನೋಡುವ ಪೆಟ್ಟಿಗೆ, ಲೋಟ ಎರಡೂ ತಂದಳು. ಮಾವಶಿ ಸಿಸ್ಟರ್ ಅವರ ತಲೆ ಎತ್ತಿ ಒಂದೊಂದೇ ಗುಟುಕು ಕುಡಿಸುತ್ತಿದ್ದುದನ್ನು ನೋಡುತ್ತ, ಆ ನರ್ಸು ಮಾವಶಿಯ ಕಡೆ ತೋರಿಸಿ ನನ್ನನ್ನು ಕೇಳಿದಳು: "ಇವರು ಯಾರ್ರೀ?"

ನಾನು ಬಾಯಿ ತೆರೆಯುವ ಮೊದಲೇ ನೆಲದ ಮೇಲೆ ಮಲಗಿದ್ದ ಸಿಸ್ಟರ್ ಕಣ್ಣು ಬಿಟ್ಟರು.

"ಈ ವಾರ್ಡಿನ ಮಾವಶಿ," ಎಂದರು.